ಒಮ್ಮೆ ಬರೆದರೆ ಎಲ್ಲ ಫೋನಿಗೂ

ಗುತ್ತಲದ ರೈತ ಮೆಣಸಿನಕಾಯಿ ಚೀಲಗಳನ್ನು ಬ್ಯಾಡಗಿ ಮಾರುಕಟ್ಟೆಗೆ ಹೇರುವ ಮುನ್ನ ತಿಳಿಯಬೇಕಾದದ್ದು ಮೂರೇ ಸಂಗತಿ: ಡಬ್ಬಿ ತಳಿಗೆ ಏನು ದರ, ಕಡ್ಡಿ ತಳಿಗೆ ಏನು ದರ, ಆವಕ ಎಷ್ಟು. ಇದನ್ನು ಮೊಬೈಲಿಗೆ ತಲುಪಿಸಲು ಆಂಡ್ರಾಯ್ಡಿಗೆ ಕೋಟ್ಲಿನ್‌ನಲ್ಲಿ ಒಂದು ಆ್ಯಪ್, ಐಫೋನಿಗೆ ಸ್ವಿಫ್ಟ್‌ನಲ್ಲಿ ಇನ್ನೊಂದು ಆ್ಯಪ್ ಬರೆಸಿದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು. ಪ್ರತಿ ತಿದ್ದುಪಡಿಗೂ ಮತ್ತೆ ಎರಡು ಸಲ. ಇಂಥ ಊರಿನ ಅಗತ್ಯಗಳಿಗೆ ವೆಬ್‌ಪುಟ ಕಟ್ಟುವ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ಗಳಲ್ಲಿ ಒಮ್ಮೆ ಬರೆದು ಎಲ್ಲ ಫೋನುಗಳಲ್ಲೂ ನಡೆಸುವ ದಾರಿಯೇ ಸರಿ ಎಂಬುದು ನನ್ನ ವಾದ.

ಈ ದಾರಿಯಲ್ಲಿ ಎರಡು ಕವಲುಗಳಿವೆ. ಒಂದು, ವೆಬ್‌ಪುಟಕ್ಕೆ ಆ್ಯಪ್‌ನ ಕವಚ ತೊಡಿಸುವುದು. ಕವಚದೊಳಗೆ ವಿಳಾಸಪಟ್ಟಿಯಿಲ್ಲದ ಬ್ರೌಸರ್ ಕೂತಿರುತ್ತದೆ. ಕ್ಯಾಮೆರಾ, ಜಿಪಿಎಸ್ ಬೇಕಾದಾಗ ಪ್ಲಗಿನ್‌ಗಳು ಫೋನಿನೊಡನೆ ಮಾತಾಡುತ್ತವೆ. ಅಪಾಚೆ ಕಾರ್ಡೋವಾ ಇಂಥ ಸಾಧನ. ಇನ್ನೊಂದು, ಪ್ರೊಗ್ರೆಸಿವ್ ವೆಬ್ ಆ್ಯಪ್. ಇಲ್ಲಿ ಸರ್ವಿಸ್ ವರ್ಕರ್ ಎಂಬ ಪುಟ್ಟ ಪ್ರೋಗ್ರಾಂ ಪುಟಕ್ಕೂ ನೆಟ್‌ವರ್ಕಿಗೂ ನಡುವೆ ನಿಂತು, ಮೊದಲ ಭೇಟಿಯಲ್ಲೇ ಬೇಕಾದ ಕಡತಗಳನ್ನು ಫೋನಿನಲ್ಲಿ ಕೂಡಿಡುತ್ತದೆ. ಮುಂದಿನ ಸಲ ಸಿಗ್ನಲ್ ಇಲ್ಲದಿದ್ದರೂ ಪುಟ ತೆರೆಯುತ್ತದೆ. ಹೊಸದಾಗಿ ಬರಬೇಕಾದದ್ದು ದರ ಮಾತ್ರ. ಅದರ ತೂಕ ನೋಡಿ: ‘ಗುತ್ತಲ’ ಎಂಬ ಪದದಲ್ಲಿ ಗ, ಉಕಾರ, ತ, ಹಲಂತ ಚಿಹ್ನೆ, ತ, ಲ ಎಂದು ಯೂನಿಕೋಡ್‌ನ 6 ಸಂಕೇತಗಳಿವೆ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 18. ಸಾವಿರ ಸಂಕೇತಗಳ ದರಪಟ್ಟಿಯೂ 3 ಕಿಲೋಬೈಟ್ ದಾಟುವುದಿಲ್ಲ.

ಈ ದಾರಿ ಸರಿ ಎಂಬುದಕ್ಕೆ ಪುರಾವೆ ಬೆಂಗಳೂರಿನಲ್ಲೇ ಇದೆ. 2015ರಲ್ಲಿ ಫ್ಲಿಪ್‌ಕಾರ್ಟ್ ತನ್ನ ಮೊಬೈಲ್ ವೆಬ್‌ತಾಣವನ್ನು ಮುಚ್ಚಿ, ಬಂದವರನ್ನೆಲ್ಲ ಆ್ಯಪ್ ಕಡೆಗೆ ತಿರುಗಿಸಿತ್ತು. ಅದೇ ವರ್ಷದ ನವೆಂಬರಿನಲ್ಲಿ ನಿರ್ಧಾರ ಬದಲಿಸಿ ‘ಫ್ಲಿಪ್‌ಕಾರ್ಟ್ ಲೈಟ್’ ಎಂಬ ವೆಬ್ ಆ್ಯಪ್ ತಂದಿತು. ಅದಕ್ಕೆ ಬಂದವರಲ್ಲಿ ಶೇ 63ರಷ್ಟು ಮಂದಿ 2ಜಿ ಸಂಪರ್ಕದಲ್ಲಿದ್ದವರು. ಮುಖಪರದೆಗೆ ಸೇರಿಸಿಕೊಂಡು ಬಂದವರಲ್ಲಿ ಖರೀದಿಯ ಪ್ರಮಾಣ ಶೇ 70ರಷ್ಟು ಹೆಚ್ಚಿತ್ತು. ಆ್ಯಪ್ ಇಳಿಸಿಕೊಳ್ಳಲು ಜಾಗವಾಗಲಿ ಡೇಟಾ ಆಗಲಿ ಸಾಲದವರೂ ಗ್ರಾಹಕರೇ ಎಂಬುದು ಅಲ್ಲಿ ರುಜುವಾತಾಯಿತು.

ವೆಬ್ ಆ್ಯಪ್ ನಿಧಾನ ಎಂಬ ಆಕ್ಷೇಪ ಸುಳ್ಳಲ್ಲ. ಭಾರೀ ಗೇಮ್, ವಿಡಿಯೋ ಸಂಕಲನಗಳಿಗೆ ಆಯಾ ಫೋನಿನ ಭಾಷೆಯೇ ಮೇಲು. ಆದರೆ ದರಪಟ್ಟಿಗೂ ಅರ್ಜಿ ನಮೂನೆಗೂ ಆ ವೇಗ ಬೇಕಿಲ್ಲ. ಐಫೋನ್ ಹಿಂದೆ ಬಿದ್ದದ್ದೂ ನಿಜ: ಮುಖಪರದೆಗೆ ಸೇರಿಸಿದ ವೆಬ್ ಆ್ಯಪ್‌ಗಳಿಗೆ ಅದು ಸೂಚನೆ ಕಳಿಸಲು ಬಿಟ್ಟದ್ದು 2023ರಲ್ಲಿ. ಕವಚ ತೊಡಿಸುವ ಸಾಧನಗಳು ಬಾಳುವುದಿಲ್ಲ ಎನ್ನುವವರು ಫೋನ್‌ಗ್ಯಾಪ್‌ನತ್ತ ಕೈ ತೋರಿಸುತ್ತಾರೆ; ಅಡೋಬಿ ಅದನ್ನು 2020ರಲ್ಲಿ ನಿಲ್ಲಿಸಿತು. ಆದರೆ ಅದರಿಂದಲೇ ಹುಟ್ಟಿದ ಕಾರ್ಡೋವಾ ಉಳಿಯಿತು. ಕವಚ ಹೋದರೂ ಒಳಗಿನ ಪುಟ ಕೆಡಲಿಲ್ಲ, ಏಕೆಂದರೆ ವೆಬ್ ಮಾನಕಗಳು ಒಂದೇ ಕಂಪನಿಯ ಸೊತ್ತಲ್ಲ.

ಇವೆಲ್ಲಕ್ಕಿಂತ ಗಂಭೀರವಾದದ್ದು ಇನ್ನೊಂದು: ಕೂಡಿಟ್ಟ ಪುಟ ನಿನ್ನೆಯ ದರವನ್ನು ಇಂದಿನದೆಂದು ತೋರಿಸಿಬಿಡಬಹುದು. ಅದನ್ನು ನಂಬಿ ಚೀಲ ಹೇರಿದ ರೈತನಿಗೆ ನಷ್ಟ ಖಂಡಿತ. ಹಾಗಾಗಿ ಪ್ರತಿ ದರದ ಪಕ್ಕದಲ್ಲಿ ದಿನ, ಹೊತ್ತು ದಪ್ಪಕ್ಷರದಲ್ಲಿ ಇರಲೇಬೇಕು. ಎರಡು ಆ್ಯಪ್ ಬರೆಸುವ ದುಡ್ಡು ಉಳಿದರೆ, ಅದು ಖರ್ಚಾಗಬೇಕಾದದ್ದು ಇಂಥ ಎಚ್ಚರಕ್ಕೆ.