ಹಿತ್ತಲಿನ ಹುಳಿ, ಗ್ಲಾಸಿನ ಘಮ

ಮುರುಗಲು, ಗಜನಿಂಬೆ, ಅಪ್ಪೆಮಿಡಿ, ಕಾಳುಮೆಣಸು: ಮಲೆನಾಡಿನ ಮೇಗುಂದದ ಮನೆಯಂಗಳದ ಈ ಸಂಪತ್ತು ಜಿನ್ ಜೊತೆ ಸೇರಿದಾಗ ಏನಾಗುತ್ತದೆ? ನಾಲ್ಕು ಪಾನೀಯಗಳು, ಅವಕ್ಕೊಪ್ಪುವ ಗಾರ್ನಿಶ್, ಜೊತೆಗೆ ಮರೆಯಬಾರದ ಎಚ್ಚರಗಳು.

ನಮ್ಮ ಕಡೆಯ ಅಡುಗೆಮನೆಯಲ್ಲಿ ಮೂರು ಭರಣಿಗಳು ತಪ್ಪುವುದಿಲ್ಲ. ಒಂದರಲ್ಲಿ ಉಪ್ಪಿನಲ್ಲಿ ಕೂತ ಮಾವಿನಮಿಡಿ, ಇನ್ನೊಂದರಲ್ಲಿ ಒಣಗಿಸಿದ ಮುರುಗಲು ಸಿಪ್ಪೆ, ಮತ್ತೊಂದರಲ್ಲಿ ತುಡುವೆ ಜೇನು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಯಾವ ಹಳ್ಳಿಗೆ ಹೋದರೂ ಇವು ಇರುತ್ತವೆ. ಹಿತ್ತಲಿಗಿಳಿದರೆ ಗಜನಿಂಬೆ, ಕಂಚಿ, ಚಕ್ಕೋತ. ತೋಟಕ್ಕಿಳಿದರೆ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು, ವೀಳ್ಯದೆಲೆ, ಬುಡದಲ್ಲಿ ಏಲಕ್ಕಿ, ನಡುವೆ ಅಲ್ಲೊಂದು ಇಲ್ಲೊಂದು ಜಾಯಿಕಾಯಿ ಮರ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಊರಿಗೆ ಬಂದ ತಮ್ಮನ ಚೀಲದಲ್ಲಿ ಒಂದು ಜಿನ್ ಬಾಟಲಿಯಿತ್ತು. ಅದರ ಪಕ್ಕದಲ್ಲೇ ಒಣಗಿಸಿದ ಕಿತ್ತಳೆ ಬಿಲ್ಲೆಗಳ ಸಣ್ಣ ಪ್ಯಾಕೆಟ್ಟು, ಒಂದು ಶೀಸೆ ಆಲಿವ್, ಪುಟ್ಟ ಡಬ್ಬಿಯಲ್ಲಿ ಏಲಕ್ಕಿ ಮತ್ತು ಮೆಣಸು. ಏಲಕ್ಕಿ ಬೆಳೆಯುವ ಮನೆಗೆ ಏಲಕ್ಕಿಯನ್ನು ದುಡ್ಡು ಕೊಟ್ಟು ತಂದಿದ್ದ! ಆ ಸಂಜೆ ಪ್ಯಾಕೆಟ್ಟನ್ನು ಬದಿಗಿಟ್ಟು ಇಬ್ಬರೂ ಹಿತ್ತಲಿಗೆ ನಡೆದೆವು. ಈ ಲೇಖನ ಶುರುವಾದದ್ದು ಅಲ್ಲಿ. ಮದ್ಯ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ಇಲ್ಲಿರುವ ಪ್ರತಿ ಪಾನೀಯಕ್ಕೂ ಮದ್ಯವಿಲ್ಲದ ರೂಪವಿದೆ, ಅದೂ ಅಷ್ಟೇ ರುಚಿ.

ಹೊಂದಿಕೆಯ ಗುಟ್ಟು

ಧಾನ್ಯ ಅಥವಾ ಕಬ್ಬಿನ ಕಾಕಂಬಿಯಿಂದ ಇಳಿಸಿದ, ಸ್ವಂತ ರುಚಿಯಿಲ್ಲದ ಮದ್ಯಕ್ಕೆ ಜೂನಿಪರ್ ಎಂಬ ಕಾಯಿಯ ಘಮ ಹತ್ತಿಸಿದರೆ ಅದು ಜಿನ್. ಜೂನಿಪರ್ ನಮ್ಮಲ್ಲಿ ಬೆಳೆಯುವುದಿಲ್ಲ, ಹಿಮಾಲಯದಲ್ಲಿ ಬೆಳೆಯುತ್ತದೆ. ಆಯುರ್ವೇದದಲ್ಲಿ ಇದರ ಹೆಸರು ಹಪುಷಾ. ಗೋವಾದ ನಾವೋ ಸ್ಪಿರಿಟ್ಸ್ 2018ರಲ್ಲಿ ತಂದ ‘ಹಪುಸಾ’ ಜಿನ್‌ಗೆ ಆ ಹೆಸರೇ ಮೂಲ. ಜೂನಿಪರ್ ಜೊತೆಗೆ ಕೊತ್ತಂಬರಿ ಬೀಜ, ನಿಂಬೆ ಜಾತಿಯ ಸಿಪ್ಪೆ, ಏಲಕ್ಕಿ, ಮೆಣಸು, ಚಕ್ಕೆ ಹೀಗೆ ತಯಾರಕರು ತಮಗೆ ಬೇಕಾದ್ದನ್ನು ಸೇರಿಸುತ್ತಾರೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಕೂಡ ‘ನೀಲಗಿರೀಸ್’ ಹೆಸರಿನಲ್ಲಿ ಜಿನ್ ಮಾಡುತ್ತಿದೆ.

ಮಲೆನಾಡಿನ ಸಾಂಬಾರ ಪದಾರ್ಥಕ್ಕೂ ಜಿನ್‌ಗೂ ಇರುವ ನಂಟು ಘಮದ್ದು. ಜೂನಿಪರ್‌ನ ಕಾಡಿನಂಥ ವಾಸನೆಗೆ ಮುಖ್ಯ ಕಾರಣ ಪೈನೀನ್ ಎಂಬ ಅಂಶ. ಅದೇ ಪೈನೀನ್ ನಮ್ಮ ಕಾಳುಮೆಣಸಿನಲ್ಲಿದೆ, ಜಾಯಿಕಾಯಲ್ಲಿದೆ. ನಿಂಬೆ ಜಾತಿಯ ಸಿಪ್ಪೆಯಲ್ಲಿರುವ ಲಿಮೊನೀನ್ ಮೆಣಸಿನಲ್ಲೂ ಇದೆ. ಅಪ್ಪೆಮಿಡಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ಘಾಟೂ ಇದೇ ಕುಲದ ತೈಲಗಳದ್ದು. ಎರಡು ಮೆಣಸು ಜಜ್ಜಿ ಗ್ಲಾಸಿಗೆ ಹಾಕಿದರೆ ಜಿನ್‌ನೊಳಗೆ ಮೊದಲೇ ಇರುವ ಘಮ ಎದ್ದು ಬರುತ್ತದೆ. ಗಾರ್ನಿಶ್ ಎಂದರೆ ಕಣ್ಣಿಗೆ ಹಬ್ಬ ಎಂದು ತಿಳಿದವರೇ ಹೆಚ್ಚು. ನಿಜದಲ್ಲಿ ಅದು ಮೂಗಿನ ಊಟ. ಗುಟುಕು ನಾಲಿಗೆಗೆ ತಾಗುವ ಮೊದಲು ಮೂಗು ಗ್ಲಾಸಿನ ಅಂಚಿಗೆ ತಲುಪಿರುತ್ತದೆ.

ಟಾನಿಕ್‌ಗೂ ಚಳಿಜ್ವರಕ್ಕೂ

ಜಿನ್ ಎಂದರೆ ಟಾನಿಕ್ ನೆನಪಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ತಂಗಿದ್ದ ಬ್ರಿಟಿಷ್ ಸೈನಿಕರಿಗೆ ಮಲೇರಿಯಾ ಬಡಿಯಿತು, ದಂಡು 1809ರಲ್ಲಿ ಬೆಂಗಳೂರಿಗೆ ಬಂತು, ಕ್ವಿನೈನ್ ಎಂಬ ಕಹಿ ಔಷಧವನ್ನು ಜಿನ್‌ಗೆ ಬೆರೆಸಿ ಕುಡಿದದ್ದೇ ಈ ಪಾನೀಯದ ಹುಟ್ಟು ಎಂಬ ಕಥೆ ಚಾಲ್ತಿಯಲ್ಲಿದೆ. ದಂಡು ಬಂದದ್ದು ನಿಜ, ಆದರೆ ಉಳಿದದ್ದಕ್ಕೆ ಇಸವಿಗಳು ಒಪ್ಪುವುದಿಲ್ಲ. ಸಿಂಕೋನಾ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದ್ದು 1820ರಲ್ಲಿ. ಟಾನಿಕ್ ನೀರಿಗೆ ಲಂಡನ್ನಿನಲ್ಲಿ ಮೊದಲ ಪೇಟೆಂಟ್ ಸಿಕ್ಕಿದ್ದು 1858ರಲ್ಲಿ. ಜಿನ್ ಮತ್ತು ಟಾನಿಕ್ ಜೋಡಿಯ ಮೊದಲ ಮುದ್ರಿತ ಉಲ್ಲೇಖ ಕಾಣುವುದು 1868ರಲ್ಲಿ, ಕುದುರೆ ಪಂದ್ಯದ ವರದಿಯೊಂದರಲ್ಲಿ. ಅಲ್ಲಿ ಅದು ಔಷಧವಲ್ಲ, ಆಟ ಮುಗಿದ ಮೇಲಿನ ತಂಪು ಪಾನೀಯ.

ಮಲೆನಾಡಿಗೆ ಕ್ವಿನೈನ್ ಬೇರೆಯದೇ ನೆನಪು. ಕಳೆದ ಶತಮಾನದ ಮಧ್ಯದವರೆಗೂ ಚಳಿಜ್ವರ ಇಲ್ಲಿನ ಹಳ್ಳಿಗಳನ್ನು ಹಿಂಡಿತ್ತು. ಡಿಡಿಟಿ ಸಿಂಪಡಣೆ ಬಂದ ಮೇಲೆ ಜನ ಉಸಿರಾಡಿದರು. ಆ ಕಾಲ ಕಂಡ ಹಿರಿಯರ ನಾಲಿಗೆಯಲ್ಲಿ ಕ್ವಿನೈನ್ ಗುಳಿಗೆಯ ಕಹಿ ಕೊನೆಯವರೆಗೂ ಉಳಿದಿತ್ತು. ಇಂದಿನ ಟಾನಿಕ್‌ನಲ್ಲಿರುವ ಕ್ವಿನೈನ್ ಬರೀ ಕಹಿಗಾಗಿ. ಅದು ಜ್ವರಕ್ಕೆ ಮದ್ದಾಗುವುದಿಲ್ಲ. ಸಕ್ಕರೆಯೂ ಅದರಲ್ಲಿ ಧಾರಾಳ, ಬಾಟಲಿಯ ಮೇಲಿನ ಚೀಟಿ ಓದಿ ಕೊಳ್ಳಿ.

ಗಾರ್ನಿಶ್ ಕಲೆ: ಮೆಟ್ಟುಕತ್ತಿಯಿಂದ ಅಟ್ಟದವರೆಗೆ

ಸಿಪ್ಪೆ: ಗಜನಿಂಬೆ, ಕಂಚಿ, ಕಿತ್ತಳೆ ಯಾವುದಾದರೂ ಸರಿ, ಘಮವಿರುವುದು ಹೊರಗಿನ ಬಣ್ಣದ ಪದರದಲ್ಲಿ. ಅದರ ಕೆಳಗಿನ ಬಿಳಿ ಬರೀ ಕಹಿ. ಮೆಟ್ಟುಕತ್ತಿಯಲ್ಲಿ ಇಷ್ಟು ತೆಳ್ಳಗೆ ಎತ್ತುವುದು ಕಷ್ಟ, ಪೀಲರ್ ಬಳಸಿ. ಎರಡು ಬೆರಳಗಲದ ಸಿಪ್ಪೆಯನ್ನು ಗ್ಲಾಸಿನ ಮೇಲೆ ಹಿಡಿದು, ಹೊರಮೈ ಕೆಳಗಾಗಿ ಹಿಂಡಿದರೆ ತೈಲದ ಹನಿ ಮಂಜಿನಂತೆ ಚಿಮ್ಮುತ್ತದೆ. ಆ ಸಿಪ್ಪೆಯನ್ನೇ ಗ್ಲಾಸಿನ ಅಂಚಿಗೆ ಸವರಿ ಒಳಗೆ ಬಿಡಿ.

ಎಲೆ: ಪುದೀನ, ಮಜ್ಜಿಗೆಹುಲ್ಲು, ಎಳೆ ವೀಳ್ಯದೆಲೆ. ಜಜ್ಜಿದರೆ ಹಸಿ ಕಹಿ ಬಿಡುತ್ತವೆ. ಪುದೀನವನ್ನು ಅಂಗೈಯಲ್ಲಿಟ್ಟು ಒಂದು ಚಪ್ಪಾಳೆ ತಟ್ಟಿದರೆ ಸಾಕು. ಮಜ್ಜಿಗೆಹುಲ್ಲನ್ನು ಗಂಟು ಕಟ್ಟಿ ಗ್ಲಾಸಿಗಿಳಿಸಿ, ಕಲಕುವ ಕಡ್ಡಿಯೂ ಅದೇ ಆಗುತ್ತದೆ.

ಕಾಳು: ಮೆಣಸು, ಏಲಕ್ಕಿಯನ್ನು ಕುಟ್ಟಾಣಿಯಲ್ಲಿ ಒಂದೇ ಪೆಟ್ಟು ಕೊಡಿ. ಪುಡಿಯಾದರೆ ಪಾನೀಯ ಕದಡುತ್ತದೆ. ಉಪ್ಪಿನಲ್ಲಿಟ್ಟ ಹಸಿ ಮೆಣಸಿನ ಗೊಂಚಲು ಮನೆಯಲ್ಲಿದ್ದರೆ ಅದನ್ನೇ ಗ್ಲಾಸಿನ ಅಂಚಿಗೆ ತೂಗಿಸಿ. ಇಷ್ಟು ಚೆಂದದ ಗಾರ್ನಿಶ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಜಾಯಿಕಾಯಿ ಹಣ್ಣು ಬಿರಿಯುವ ಮಳೆಗಾಲದಲ್ಲಿ ಕಡುಗೆಂಪಿನ ಹಸಿ ಜಾಪತ್ರೆಯ ಒಂದೆಳೆ ಸಾಕು.

ಒಣ ಬಿಲ್ಲೆ: ಕಿತ್ತಳೆ ಅಥವಾ ಕಂಚಿಯನ್ನು ಮೂರು ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಕೊಯ್ದು, 60ರಿಂದ 70 ಡಿಗ್ರಿ ಓವನ್‌ನಲ್ಲಿ ಆರೆಂಟು ಗಂಟೆ ಇಟ್ಟರೆ ಗಾಜಿನಂತೆ ಒಣಗುತ್ತದೆ. ಓವನ್ ಇಲ್ಲದ ಮನೆಯಲ್ಲಿ ಸೌದೆ ಒಲೆಯ ಮೇಲಿನ ಅಟ್ಟವಿದೆ. ಅಲ್ಲಿ ನಿಧಾನಕ್ಕೆ ಒಣಗಿದ ಬಿಲ್ಲೆಗೆ ಹೊಗೆಯ ಕಂಪು ಹತ್ತಿರುತ್ತದೆ, ಅದು ಜಿನ್‌ಗೆ ಬಹಳ ಒಪ್ಪುತ್ತದೆ.

ಬಣ್ಣದ ಐಸು: ಬೇಲಿಯ ನೀಲಿ ಶಂಖಪುಷ್ಪವನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಐಸ್ ಮಾಡಿ. ಹುಳಿ ತಾಗುತ್ತಿದ್ದಂತೆ ನೀಲಿ ನೇರಳೆಯಾಗುತ್ತದೆ. ಮಕ್ಕಳ ಶರಬತ್ತಿಗೆ ಹಾಕಿಕೊಟ್ಟು ಅವರ ಮುಖ ನೋಡಿ.

ನಾಲ್ಕು ಪಾನೀಯಗಳು

ಶೇಕರ್ ಬೇಕಿಲ್ಲ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸಾಕು. ಸೋಸಲು ಚಹದ ಸೋಸಣಿಗೆ. ಆದರೆ ಅಳತೆಯ ಪೆಗ್ ಮಾತ್ರ ಕಡ್ಡಾಯ. ಕಣ್ಣಂದಾಜಿಗೆ ರುಚಿಯೂ ಕೆಡುತ್ತದೆ, ಪ್ರಮಾಣವೂ ಮೀರುತ್ತದೆ.

1. ಮುರುಗಲು ಜಿನ್ ಟಾನಿಕ್
ಉಪ್ಪು ಹಾಕದೆ ಒಣಗಿಸಿದ ಮುರುಗಲು (ಪುನರ್ಪುಳಿ) ಸಿಪ್ಪೆ 50 ಗ್ರಾಂ. ಇದನ್ನು 400 ಮಿಲಿ ನೀರಿನಲ್ಲಿ ಮೂರು ಗಂಟೆ ನೆನೆಸಿ, ಕಿವುಚಿ ಸೋಸಿ. 300 ಗ್ರಾಂ ಸಕ್ಕರೆ, ಚಿಟಿಕೆ ಜೀರಿಗೆ ಪುಡಿ ಸೇರಿಸಿ ಐದು ನಿಮಿಷ ಕುದಿಸಿ ಆರಿಸಿ. ಗ್ಲಾಸಿನ ತುಂಬ ಐಸ್, 30 ಮಿಲಿ ಜಿನ್, 20 ಮಿಲಿ ಈ ಪಾಕ, 120 ಮಿಲಿ ತಣ್ಣನೆಯ ಟಾನಿಕ್, ಚಿಟಿಕೆ ಉಪ್ಪು. ಗಾರ್ನಿಶ್: ಒಂದೆಳೆ ಮುರುಗಲು ಸಿಪ್ಪೆ, ಒಂದೇಟು ಬಿದ್ದ ಏಲಕ್ಕಿ.
ಮದ್ಯವಿಲ್ಲದೆ: ಜಿನ್ ಬಿಟ್ಟು, ಟಾನಿಕ್ ಬದಲು ಸೋಡಾ.

2. ಮಿಡಿ ಮಾರ್ಟಿನಿ
ಆಲಿವ್ ನೆನೆಸಿದ ಉಪ್ಪುನೀರು ಬೆರೆಸಿದ್ದಕ್ಕೆ ಹೊರಗೆ ಡರ್ಟಿ ಮಾರ್ಟಿನಿ ಎನ್ನುತ್ತಾರೆ. ಮಸಾಲೆ ಬೆರೆಸುವ ಮುನ್ನ ಭರಣಿಯಲ್ಲಿ ಮಿಡಿ ಬಿಟ್ಟುಕೊಂಡ ಉಪ್ಪುನೀರಿದೆಯಲ್ಲ, ಅದರ ಮುಂದೆ ಆಲಿವ್ ನೀರು ಸಪ್ಪೆ. 45 ಮಿಲಿ ಜಿನ್, 10 ಮಿಲಿ ಡ್ರೈ ವರ್ಮೂತ್, ಒಂದು ಟೀ ಚಮಚ ಮಿಡಿಯ ನೀರು. ಐಸ್ ಜೊತೆ ಅರ್ಧ ನಿಮಿಷ ಕಲಕಿ, ಸೋಸಿ, ತಣ್ಣಗಿಟ್ಟ ಗ್ಲಾಸಿಗೆ ಸುರಿಯಿರಿ. ಗಾರ್ನಿಶ್: ತೊಟ್ಟಿರುವ ಒಂದು ಪುಟ್ಟ ಅಪ್ಪೆಮಿಡಿ. ಇದು ನಾಲ್ಕರಲ್ಲಿ ಗಟ್ಟಿ ಪಾನೀಯ, ಒಂದಕ್ಕೆ ನಿಲ್ಲಿಸಿ.
ಮದ್ಯವಿಲ್ಲದೆ: ಮಿಡಿಯ ನೀರು ಒಂದು ಚಮಚ, ತಣ್ಣನೆ ಸೋಡಾ, ಜಜ್ಜಿದ ಜೀರಿಗೆಮೆಣಸು ಒಂದು.

3. ಗಜನಿಂಬೆ ಮತ್ತು ತುಡುವೆ ಜೇನು
ಜಿನ್, ನಿಂಬೆ, ಜೇನು ಸೇರಿದ ಬೀಸ್ ನೀಸ್ ಎಂಬ ಪಾನೀಯ ಅಮೆರಿಕದ ಪಾನನಿರೋಧದ ಕಾಲದಿಂದ ಹೆಸರಾಗಿದೆ. ಎರಡು ಪಾಲು ಜೇನಿಗೆ ಒಂದು ಪಾಲು ಬೆಚ್ಚನೆ ನೀರು ಬೆರೆಸಿಟ್ಟುಕೊಳ್ಳಿ. ಇಲ್ಲದಿದ್ದರೆ ಐಸ್ ತಾಗಿ ಜೇನು ಗಂಟಾಗುತ್ತದೆ. 45 ಮಿಲಿ ಜಿನ್, ಗಜನಿಂಬೆ ರಸ ಮತ್ತು ಜೇನುನೀರು ತಲಾ 20 ಮಿಲಿ. ಡಬ್ಬಿಗೆ ಐಸ್ ಹಾಕಿ ಹನ್ನೆರಡು ಸೆಕೆಂಡ್ ಜೋರಾಗಿ ಕುಲುಕಿ ಸೋಸಿ. ಗಾರ್ನಿಶ್: ಹಿಂಡಿದ ಗಜನಿಂಬೆ ಸಿಪ್ಪೆ. ಕಾಫಿ ಹೂವಿನ ಕಾಲದ ಜೇನು ಸಿಕ್ಕರೆ ಬಿಡಬೇಡಿ.
ಮದ್ಯವಿಲ್ಲದೆ: ಅದೇ ರಸ, ಅದೇ ಜೇನು, ಜಜ್ಜಿದ ಮೆಣಸು ಎರಡು, ಮೇಲೆ ಸೋಡಾ.

4. ಕಂಚಿ ಗಿಮ್ಲೆಟ್
ಗಿಮ್ಲೆಟ್ ಹಡಗಿನ ಪಾನೀಯ. ನಾವಿಕರಿಗೆ ಸ್ಕರ್ವಿ ಬಾರದಂತೆ ನಿಂಬೆರಸ ಕೊಡುವುದನ್ನು ಬ್ರಿಟನ್ 1867ರಲ್ಲಿ ಕಡ್ಡಾಯ ಮಾಡಿತು. ಅದೇ ವರ್ಷ ಲಾಕ್ಲನ್ ರೋಸ್ ಎಂಬಾತ ನಿಂಬೆರಸವನ್ನು ಮದ್ಯವಿಲ್ಲದೆ, ಸಕ್ಕರೆಯಲ್ಲಿ ಕೆಡದಂತೆ ಇಡುವ ವಿಧಾನಕ್ಕೆ ಪೇಟೆಂಟ್ ಪಡೆದ. ನಮ್ಮ ವಿಧಾನ ಇದು: ನಾಲ್ಕು ಕಂಚಿಕಾಯಿಯ ತೆಳು ಸಿಪ್ಪೆಗೆ 200 ಗ್ರಾಂ ಸಕ್ಕರೆ ಬೆರೆಸಿ, ಕಿವುಚಿ, ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಸಕ್ಕರೆ ಸಿಪ್ಪೆಯ ತೈಲ ಕುಡಿದು ಒದ್ದೆಯಾಗಿರುತ್ತದೆ. 150 ಮಿಲಿ ಕಂಚಿ ರಸ ಹಾಕಿ ಕರಗಿಸಿ ಸೋಸಿ, ಫ್ರಿಜ್‌ನಲ್ಲಿಡಿ. 45 ಮಿಲಿ ಜಿನ್‌ಗೆ 25 ಮಿಲಿ ಈ ಪಾಕ, ಐಸ್ ಜೊತೆ ಕುಲುಕಿ ಸೋಸಿ. ಗಾರ್ನಿಶ್: ಸುರುಳಿ ಸುತ್ತಿದ ಎಳೆ ವೀಳ್ಯದೆಲೆ.
ಮದ್ಯವಿಲ್ಲದೆ: ಪಾಕಕ್ಕೆ ತಣ್ಣೀರು, ಪುದೀನ.

ಋತು ನೋಡಿ ಗ್ಲಾಸು

ಮಾವು ಕಾಯಿ ಕಚ್ಚುವ ಹೊತ್ತಿಗೆ ಮಿಡಿ ಉಪ್ಪಿಗೆ ಬೀಳಲಿ. ಏಪ್ರಿಲ್, ಮೇ ತಿಂಗಳಲ್ಲಿ ಮುರುಗಲು ಹಣ್ಣು ಉದುರುತ್ತದೆ. ಮೊದಲ ಮಳೆಗೆ ಮುನ್ನ ಸಿಪ್ಪೆ ಒಣಗಿಸಿಕೊಳ್ಳದಿದ್ದರೆ ಬೂಸ್ಟು ಖಂಡಿತ. ಮಳೆಗಾಲ ಜಾಯಿಕಾಯಿ ಮತ್ತು ಎಲೆಗಳದ್ದು. ಚಳಿ ಹಿಡಿದ ಮೇಲೆ ಕಿತ್ತಳೆ, ಆಮೇಲೆ ಮೆಣಸಿನ ಕೊಯ್ಲು. ಬಾಳೆಹೊನ್ನೂರಿನ ಬಳಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿರುವ ಸೀಮೆ ನಮ್ಮದು. ಬೇಸಿಗೆಯ ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ಜೇನಿನ ಪೆಟ್ಟಿಗೆಯನ್ನು ಮರೆಯಬೇಡಿ.

ಮರೆಯಬಾರದ ಮಾತು

ಮುಂಗಾರಿನಲ್ಲಿ ಕೊಳೆರೋಗಕ್ಕೆಂದು ಅಡಿಕೆಗೆ ಬೋರ್ಡೋ ಹೊಡೆಯುತ್ತೇವೆ. ಮೈಲುತುತ್ತು, ಸುಣ್ಣದ ಆ ದ್ರಾವಣ ಮರಕ್ಕೆ ಹಬ್ಬಿದ ವೀಳ್ಯದೆಲೆ, ಮೆಣಸು, ಬುಡದ ಏಲಕ್ಕಿ ಎಲ್ಲದರ ಮೇಲೂ ಸುರಿಯುತ್ತದೆ. ಔಷಧಿ ಬಿದ್ದ ಬಳ್ಳಿಯ ಎಲೆಯನ್ನು ಗ್ಲಾಸಿಗೆ ಹಾಕಬೇಡಿ. ಹೂವಿನಲ್ಲೂ ಎಚ್ಚರ: ಕಣಗಿಲೆ, ಉಮ್ಮತ್ತಿ ವಿಷ. ತಿನ್ನುವ ಹೂವೆಂದು ಖಾತ್ರಿಯಿಲ್ಲದ್ದನ್ನು ಅಂದಕ್ಕೂ ಬಳಸಬಾರದು. ಜಾಯಿಕಾಯಿ ಚಿಟಿಕೆ ಮೀರಿದರೆ ತಲೆ ಕೆಡಿಸುತ್ತದೆ.

ಮನೆಯಲ್ಲಿ ಪಾನೀಯ ಬೆರೆಸುವುದು ಬೇರೆ, ಬಟ್ಟಿ ಇಳಿಸುವುದು ಬೇರೆ. ಎರಡನೆಯದು ಅಪರಾಧ, ಪ್ರಾಣಕ್ಕೂ ಅಪಾಯ. ರಾಜ್ಯದಲ್ಲಿ ಸಾರಾಯಿ 2007ರಲ್ಲೇ ನಿಷೇಧವಾಗಿದೆ. ಹೋಂಸ್ಟೇ ನಡೆಸುವವರು ಪರವಾನಗಿಯಿಲ್ಲದೆ ಅತಿಥಿಗಳಿಗೆ ಮದ್ಯ ಮಾರುವಂತಿಲ್ಲ. 21 ತುಂಬದವರಿಗೆ, ಗರ್ಭಿಣಿಯರಿಗೆ, ಔಷಧಿ ತೆಗೆದುಕೊಳ್ಳುವವರಿಗೆ ಶರಬತ್ತಿನ ಗ್ಲಾಸನ್ನೇ ಕೊಡಿ.

42.8 ಶೇಕಡಾ ಪ್ರಮಾಣದ 30 ಮಿಲಿ ಜಿನ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿಯುವವರು ಅದನ್ನು ತಿಳಿದೇ ಕುಡಿಯಬೇಕು. ನಮ್ಮದು ತಿರುವಿನ ರಸ್ತೆ, ಮಂಜು, ರಾತ್ರಿ ಅಡ್ಡ ಬರುವ ಕಾಟಿ. ಗ್ಲಾಸು ಹಿಡಿದವರು ಅಂದು ಗಾಡಿ ಮುಟ್ಟಬೇಡಿ.

ಕೊನೆಯದಾಗಿ ಒಂದು ಕೋರಿಕೆ. ಅಡಿಕೆಗೆ ಬೆಲೆ ಬಂದಂತೆಲ್ಲ ನಮ್ಮ ಹಿತ್ತಲುಗಳು ತೋಟವಾದವು. ಹುಳಿಯ ಮರಗಳು ಒಂದೊಂದಾಗಿ ಹೋದವು. ಕಂಚಿ ಯಾವುದು, ಗಜನಿಂಬೆ ಯಾವುದು ಎಂದು ಗುರುತಿಸಲಾರದ ಮಕ್ಕಳು ನಮ್ಮ ಮನೆಗಳಲ್ಲೇ ಬೆಳೆಯುತ್ತಿದ್ದಾರೆ. ಆ ಮರಗಳು ಉಳಿದರೆ ಜಿನ್ ಇಲ್ಲದ ಗ್ಲಾಸಿಗೂ ಘಮವಿರುತ್ತದೆ, ಉಪ್ಪಿನಕಾಯಿಗೂ ಗೊಜ್ಜಿಗೂ ರುಚಿಯಿರುತ್ತದೆ. ಈ ಮಳೆಗಾಲ ಒಂದು ಮುರುಗಲು, ಒಂದು ಗಜನಿಂಬೆ ಸಸಿ ನೆಡಿ. ಬಾವಿಕಟ್ಟೆಯ ಪಕ್ಕ ಅಷ್ಟು ಜಾಗ ಎಲ್ಲರ ಮನೆಯಲ್ಲೂ ಇದೆ.