ಕರಟದ ಇದ್ದಿಲು ಹೊಗೆಯನ್ನು ಹಿಡಿಯುವ ಬಗೆ

ಪ್ರಶ್ನೆ: ತೆಂಗಿನ ಕರಟದ ಇದ್ದಿಲಿನಿಂದ ಕಾರ್ಖಾನೆ ಹೊಗೆಯ ಕಾರ್ಬನ್ ಡೈಆಕ್ಸೈಡ್ ಹಿಡಿಯಬಹುದೇ?

ಉತ್ತರ: ಹಿಡಿಯಬಹುದು, ಆದರೆ ಒಲೆಯ ಇದ್ದಿಲಿಗೆ ಆ ಶಕ್ತಿ ಸಾಲದು. ಕರಟವನ್ನು ಗಾಳಿಯಾಡದಂತೆ ಸುಟ್ಟು, ಬಂದ ಇದ್ದಿಲಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ, ಸಾರಜನಕದ ನಡುವೆ ಸುಮಾರು 600ರಿಂದ 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತಾರೆ. ಆ ಕ್ಷಾರ ಇಂಗಾಲವನ್ನು ಒಳಗೊಳಗೇ ಕೊರೆಯುತ್ತದೆ. ತೊಳೆದು ಒಣಗಿಸಿದರೆ ಉಳಿಯುವುದು ಗೆದ್ದಲು ತಿಂದ ಮರದಂತೆ ತೂತುತೂತಾದ ಪುಡಿ. ಅದರ ಒಂದೇ ಗ್ರಾಂನ ಒಳಮೈ ಸಾವಿರ ಚದರ ಮೀಟರ್ ದಾಟಬಲ್ಲದು!

ನನಗೆ ಬಹಳ ಸೊಗಸೆನಿಸುವುದು ರಂಧ್ರದ ಅಳತೆಯ ಸಂಗತಿ. ಕಾರ್ಬನ್ ಡೈಆಕ್ಸೈಡ್ ಅಣುವಿನ ಅಗಲ ಸುಮಾರು 0.33 ನ್ಯಾನೊಮೀಟರ್. ಒಂದು ನ್ಯಾನೊಮೀಟರಿಗಿಂತ ಕಿರಿದಾದ ಸಂದಿಯಲ್ಲಿ ಎರಡೂ ಬದಿಯ ಗೋಡೆಗಳು ಅದನ್ನು ಸೆಳೆಯುತ್ತವೆ. ರಂಧ್ರ ಅಗಲವಾದಷ್ಟೂ ಹಿಡಿತ ಸಡಿಲ. ಹಾಗಾಗಿ ಅತಿಯಾಗಿ ಕಾಯಿಸಿ ರಂಧ್ರಗಳು ಅಗಲವಾದ ಪುಡಿಗೆ ಒಳಮೈ ಹೆಚ್ಚಿದ್ದರೂ ಹೊಗೆಯಿಂದ ಹಿಡಿಯುವ ಅನಿಲ ಕಡಿಮೆಯಾಗಬಹುದು.

ಇಲ್ಲಿ ಗಟ್ಟಿಯಾದ ರಾಸಾಯನಿಕ ಬಂಧವೇನೂ ಇಲ್ಲ. ಬಿಸಿ ಮಾಡಿದರೆ ಅಥವಾ ಒತ್ತಡ ಇಳಿಸಿದರೆ ಪುಡಿ ಅನಿಲವನ್ನು ಬಿಟ್ಟುಕೊಟ್ಟು ಮರುಬಳಕೆಗೆ ಸಿದ್ಧ.

ತೊಡಕೂ ಇದೆ. ಚಿಮಣಿಯ ಹೊಗೆ ಬಿಸಿ, ತೇವ ಎರಡೂ ಹೌದು. ಬಿಸಿ ಹಿಡಿತವನ್ನು ಸಡಿಲಿಸುತ್ತದೆ, ನೀರಾವಿ ಜಾಗ ಕಬಳಿಸುತ್ತದೆ. ಮೊದಲು ಹೊಗೆಯನ್ನು ತಣಿಸಿ ಒಣಗಿಸಬೇಕು. ಇನ್ನು ಖರ್ಚಿನ ಮಾತು: ತಿಪಟೂರಿನಂಥ ಕೊಬ್ಬರಿ ಸೀಮೆಯಲ್ಲಿ ಕರಟಕ್ಕೆ ಬರವಿಲ್ಲ. ಖರ್ಚು ಬೀಳುವುದು ಕ್ಷಾರಕ್ಕೆ, ಕಾವಿಗೆ ಮತ್ತು ತೊಳೆದ ನೀರಿನ ಶುದ್ಧೀಕರಣಕ್ಕೆ.