ಸೀಟಿ ಊದುವ ಮೊದಲೇ ಶುರುವಾಗುವ ಅಧಿಕಾರ

"ಸರ, ಮ್ಯಾಚ್ ಇನ್ನೂ ಚಾಲೂನ ಆಗಿಲ್ಲ, ಫೌಲ್ ಹೆಂಗ ಕೊಡ್ತೀರಿ?" ಹುಬ್ಬಳ್ಳಿ-ಧಾರವಾಡದ ಕಾಲೇಜು ಅಂಗಳಗಳಲ್ಲಿ ಬ್ಯಾಸ್ಕೆಟ್‌ಬಾಲ್ ರೆಫರಿಗಳಿಗೆ ಈ ಪ್ರಶ್ನೆ ಹೊಸದಲ್ಲ. ಚೆಂಡು ಮೇಲೆ ಹಾರಿದ ಮೇಲಷ್ಟೇ ರೆಫರಿಯ ಮಾತು ನಡೆಯುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿ.

ಅದು ತಪ್ಪು. ನಮ್ಮಲ್ಲಿ ನಡೆಯುವುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮ. ಅದರ ಪ್ರಕಾರ ನಿಗದಿತ ಸಮಯಕ್ಕೆ 20 ನಿಮಿಷ ಮೊದಲು ಅಂಗಳಕ್ಕೆ ಬಂದಾಗಲೇ ರೆಫರಿಗಳ ಅಧಿಕಾರ ಶುರು. ನಾಲ್ಕಕ್ಕೆ ಪಂದ್ಯವೆಂದರೆ 3.40ಕ್ಕೇ. ಸ್ಕೋರರ್ ಮೇಜಿನ ಎದುರು ಬದಿಯಲ್ಲಿ ಅವರು ಸುಮ್ಮನೆ ನಿಂತಂತೆ ಕಾಣುತ್ತಾರಲ್ಲ, ಆಗ ಎರಡೂ ತಂಡಗಳ ವಾರ್ಮ್‌ಅಪ್ ಮೇಲೆ ಕಣ್ಣಿಟ್ಟಿರುತ್ತಾರೆ.

"ನಾ ಬೆಂಚಿನಾಂವ, ನಂಗೇನ್ರಿ?" ಎಂಬ ವಾದವೂ ನಿಲ್ಲದು. ಆ ಹೊತ್ತಿನಲ್ಲಿ ಆಡಲು ಅರ್ಹರಾದ ಎಲ್ಲರೂ ಆಟಗಾರರೇ. ಎದುರಾಳಿಯನ್ನು ಬೈದು ಕೆಣಕಿದರೆ ಟೆಕ್ನಿಕಲ್ ಫೌಲ್, ಒಂದು ಫ್ರೀ ಥ್ರೋ. ಕೈ ಎತ್ತಿ ಹೊಡೆದರೆ ಪಂದ್ಯದಿಂದಲೇ ಔಟ್. ಎದುರು ತಂಡಕ್ಕೆ ಎರಡು ಫ್ರೀ ಥ್ರೋ, ಆಮೇಲೆ ಜಂಪ್ ಬಾಲ್. ಅಂದರೆ ಆಟ ಶುರುವಾಗುವ ಮೊದಲೇ ಸ್ಕೋರ್ ಬೋರ್ಡಿನಲ್ಲಿ ಅಂಕ ಕೂರಬಹುದು! ಆ ಫೌಲ್ ಮೊದಲ ಕ್ವಾರ್ಟರಿನ ತಂಡದ ಫೌಲ್ ಲೆಕ್ಕಕ್ಕೂ ಸೇರುತ್ತದೆ. ಎರಡೂ ಕಡೆಯ ಶಿಕ್ಷೆ ಸಮನಾಗಿದ್ದರೆ ಫ್ರೀ ಥ್ರೋಗಳು ವಜಾ, ಹೊರಬಿದ್ದವರು ಮಾತ್ರ ಹೊರಗೇ. ಅವರು ಡ್ರೆಸಿಂಗ್ ರೂಮಿನಲ್ಲಿರಬೇಕು, ಇಲ್ಲವೇ ಕಟ್ಟಡ ಬಿಟ್ಟು ಹೋಗಬೇಕು ಎನ್ನುತ್ತದೆ ನಿಯಮ. ನಮ್ಮ ಬಯಲು ಕೋರ್ಟುಗಳಲ್ಲಿ ಆ ರೂಮು ಎಲ್ಲಿಂದ ತರುವುದೋ!

ನಿಜವಾದ ಕಷ್ಟ ಬೇರೆಯೇ ಇದೆ. ಆಟದ ನಡುವೆ ಜಗಳವಾದರೆ, ಬೆಂಚಿನ ಗೆರೆ ದಾಟಿ ಬಂದವನು ಅಷ್ಟಕ್ಕೇ ಸಿಕ್ಕಿಬೀಳುತ್ತಾನೆ. ವಾರ್ಮ್‌ಅಪ್‌ನಲ್ಲಿ ಎಲ್ಲರೂ ಅಂಗಳದಲ್ಲೇ ಇರುವುದರಿಂದ ಆ ಅಳತೆ ಸಾಗದು. ಹೊಡೆದವನಾರು, ಬಿಡಿಸಲು ಹೋದವನಾರು ಎಂಬುದನ್ನು ಕಣ್ಣಾರೆ ಕಂಡಿರಬೇಕು.

ಇನ್ನು ಕೆಲವರು ಉಲ್ಟಾ ನಂಬುತ್ತಾರೆ: ರೆಫರಿ ಮೈದಾನಕ್ಕೆ ಕಾಲಿಟ್ಟರೆ ಎಲ್ಲವೂ ಅವರದೇ ಎಂದು. ಅದೂ ಅಲ್ಲ. 3.20ಕ್ಕೆ ಬೈಕ್ ನಿಲ್ಲಿಸುವಲ್ಲಿ ಆಟಗಾರರು ಹೊಡೆದಾಡಿಕೊಂಡರೆ ಫೌಲ್ ಕೊಡುವಂತಿಲ್ಲ. ಮುಖ್ಯ ರೆಫರಿ ಸಂಘಟಕರಿಗೆ ವಿವರವಾದ ವರದಿ ಕೊಡಬೇಕು. ಮುಂದಿನ ಪಂದ್ಯಗಳಿಂದ ನಿಷೇಧಿಸುವುದೂ ಸಂಘಟಕರ ಕೆಲಸವೇ. ಆಟ ಮುಗಿದು ಸ್ಕೋರ್‌ಶೀಟಿಗೆ ಸಹಿ ಬೀಳುವವರೆಗಿನ ರಂಪಾಟಕ್ಕೂ ಇದೇ ದಾರಿ.

ವಾರ್ಮ್‌ಅಪ್ ಕಿರಿಕಿರಿಯನ್ನು ಹುಡುಗಾಟವೆನ್ನುವವರು 2018ರ ಜುಲೈ 2ರ ಫಿಲಿಪೀನ್ಸ್-ಆಸ್ಟ್ರೇಲಿಯಾ ವಿಶ್ವಕಪ್ ಅರ್ಹತಾ ಪಂದ್ಯವನ್ನು ನೆನೆಯಬೇಕು. ಮೂರನೇ ಕ್ವಾರ್ಟರಿನ ಹೊಡೆದಾಟದಲ್ಲಿ 13 ಆಟಗಾರರು ಹೊರಬಿದ್ದರು. ಆಸ್ಟ್ರೇಲಿಯಾದ ಆಟಗಾರನೊಬ್ಬ ವಾರ್ಮ್‌ಅಪ್‌ನಲ್ಲೇ ತಮ್ಮವರಿಗೆ ಹೊಡೆದಿದ್ದ ಎಂದು ಫಿಲಿಪೀನ್ಸ್ ಕೋಚ್ ಆಮೇಲೆ ಆರೋಪಿಸಿದರು.

ಪಂದ್ಯಪೂರ್ವ ಜಗಳದಿಂದ ತಂಡವೇ ಮುರಿದುಬಿದ್ದರೆ? ನಿಗದಿತ ಸಮಯದಿಂದ 15 ನಿಮಿಷ ಕಳೆದರೂ ಆಡಲು ಐವರು ಸಿದ್ಧರಿಲ್ಲದಿದ್ದರೆ ಎದುರಾಳಿಗೆ 20-0 ಗೆಲುವು.